ಹಗೇವಿನ ಬಾಯಿಗೆ ಕೊಟ್ಟ ಹೆಸರು

ಬಿತ್ತನೆಗೆ ಕಾಯುವ ಮಿರಗದ ಮಳೆ ಇನ್ನೂ ಕೂಡಿರಲಿಲ್ಲ. ಹೊತ್ತು ನೆತ್ತಿಯಿಂದ ಪಡುವಣಕ್ಕೆ ಹೊರಳುವ ವೇಳೆ. ನಿಜಾಮರ ಸರಕಾರ ಜೋಳಕ್ಕೆ ಲೆವಿ ಹಾಕಿ ರೈತರ ಕಾಳು ಒಯ್ದ ವರ್ಷ ಅದು. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಬೆಳೆದ ಸೂಗಪ್ಪ ಕುರಕುಂಟಾದಲ್ಲಿ ರೈಲು ಇಳಿದು, ತಗಡಿನ ಟ್ರಂಕು ಹೆಗಲ ಮೇಲೆ ಹೊತ್ತು, ನಾಗೇಂದ್ರಪ್ಪನ ಮನೆಯ ಬಾಗಿಲಿಗೆ ಬಂದು ನಿಂತ. ಆ ಮನೆಯ ಸಣ್ಣ ಸೊಸೆ ಶಿವಕಾಂತಮ್ಮನ ಜೊತೆ ಶಹಾಬಾದಿನಲ್ಲಿಯೇ ಅವನ ಉಡಕಿ ಆಗಿತ್ತು. ಗಂಡ ಸತ್ತವಳಿಗೆ ಮತ್ತೊಬ್ಬನ ಹೆಸರಿನ ಸೀರೆ ಉಡಿಸಿ ಕೊಡುವ ಮದುವೆ ಅದು. ಬಾಜಾ ಇಲ್ಲ, ಹಂದರ ಇಲ್ಲ. ಅವಳ ಮೊದಲ ಗಂಡ ಕಾಶಪ್ಪ ಕೊಲೆ ಮಾಡಿ ಜೇಲಿಗೆ ಹೋಗಿ, ಅಲ್ಲಿಯೇ ವಾಂತಿಭೇದಿ ಹತ್ತಿ ಸತ್ತ ಎಂದು ಸೂಗಪ್ಪನಿಗೆ ಹೇಳಿದ್ದರು.

ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಮಹಾದೇವಮ್ಮ ಕುಳಿತಿದ್ದಳು; ನಾಗೇಂದ್ರಪ್ಪ, ಕಾಶಪ್ಪ ಇಬ್ಬರನ್ನೂ ಹೆತ್ತವಳು.

"ಹೆಸರೇನಪ್ಪಾ ನಿಂದು?"

"ಸೂಗಪ್ಪ ಅಂತಾರವ್ವಾ."

"ಅದನ್ನ ಗಟ್ಟಿ ಹಿಡಕೋ. ಈ ಮನ್ಯಾಗ ಯಾರರೆ ಬ್ಯಾರೆ ಹೆಸರು ಹಿಡದು ಕರದ್ರ ಓ ಅನಬ್ಯಾಡ. ನಿನ್ನ ಕಾಲು ಹಿಡೀತೀನಿ, ಅನಬ್ಯಾಡ."

ಸೂಗಪ್ಪ ಗಹಗಹಿಸಿ ನಕ್ಕ. "ಯವ್ವಾ, ಸುರಂಗದ ಮದ್ದು ಕಿವಿ ಬಲ್ಲಿ ಸಿಡಿದ್ರೂ ಕಣ್ಣು ಮುಚ್ಚದ ಮನಷ್ಯಾ ನಾನು. ಬಿಸಿ ರೊಟ್ಟಿ ಮ್ಯಾಲ ಒಂದೀಟು ಶೇಂಗಾ ಹಿಂಡಿ ಹಾಕಿದ್ರ, ನಿಜಾಮ ಸಾಹೇಬ್ರ ಬರ್ರಿ ಅಂತ ಕರದ್ರೂ ಓ ಅಂತೀನಿ!"

ಮುದುಕಿ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಒಳಗೆ ಅಂಗಳದ ನಡುವೆ ಒಂದು ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಗುಂಡಿ; ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಅದರ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದ್ದರು. ಸೂಗಪ್ಪನಿಗೆ ತನ್ನೂರಿನ ಕಲ್ಲು ಕಂಡು ಖುಷಿಯಾಯಿತು. ಅದರ ಮೇಲೆಯೇ ಕುಳಿತು ಬೆರಳ ಗೆಣ್ಣಿನಿಂದ ಬಡಿದ. ಟೊಳ್ಳು ದನಿ ಬಂತು. ಅವನು ಕೈ ತೆಗೆದ ಮೇಲೆ ಕೆಳಗಿನಿಂದ ಮತ್ತೊಂದು ಬಡಿತ ಬಂತು. ನೀರು ತರುತ್ತಿದ್ದ ಶಿವಕಾಂತಮ್ಮನ ಕೈಯಿಂದ ಚೆಂಬು ಜಾರಿತು.

"ಇಲಿ ಭಾಳ ಅವ," ಎಂದು ನಾಗೇಂದ್ರಪ್ಪ ಒಳಗಿನಿಂದಲೇ ಹೇಳಿದ.

ನಾಗೇಂದ್ರಪ್ಪ ಅವನನ್ನು ತಮ್ಮನಂತೆಯೇ ನೋಡಿಕೊಂಡ. ಕಾಶಪ್ಪನ ಮಣೆಯ ಮೇಲೆ ಕೂರಿಸಿದ, ಕಾಶಪ್ಪನ ಗಂಗಾಳದಲ್ಲಿ ಉಣಿಸಿದ, ಕಾಶಪ್ಪನ ರುಮಾಲನ್ನು ತನ್ನ ಕೈಯಿಂದಲೇ ಸುತ್ತಿದ. ತಂದೆ ತಾಯಿ ಕಾಣದ ಸೂಗಪ್ಪನಿಗೆ ಕಣ್ಣು ತುಂಬಿ ಬಂದವು. ಶಹಾಬಾದಿಗೆ ಹುಡುಕಿಕೊಂಡು ಬಂದ ದಿನ ಇದೇ ನಾಗೇಂದ್ರಪ್ಪ, "ನಿನ್ನ ಹಿಂದ ಮುಂದ ಕೇಳಾವ್ರು ಯಾರೂ ಇಲ್ಲ ಹೌದಿಲ್ಲೊ?" ಎಂದು ತಿರುತಿರುಗಿ ಕೇಳಿದ್ದ. ಇಲ್ಲ ಎಂದಾಗ ಅವನ ಮುಖ ಅರಳಿತ್ತು. ಅದು ಯಾಕೆ ಎಂದು ಸೂಗಪ್ಪ ಯೋಚಿಸಿರಲಿಲ್ಲ.

ಶಿವಕಾಂತಮ್ಮ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ. ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ಹೆಂಗಸರಿಗೆ ಇಲ್ಲ. "ಕೇಳಾಕತ್ತೀರೇನ್ರಿ" ಎನ್ನುತ್ತಿದ್ದಳು, ಅಷ್ಟೆ.

ಮಳೆ ಬಿತ್ತು. ಬಿತ್ತನೆಯ ದಿನ ನಾಗೇಂದ್ರಪ್ಪ ಹೊಲದ ಆ ತುದಿಯಲ್ಲಿ ನಿಂತು ಕೈಯೆತ್ತಿ ಕೂಗಿದ.

"ಏ ಕಾಶಪ್ಪಾ! ಎತ್ತು ಹೊಳ್ಳಸೋ!"

ಹೊಲದಲ್ಲಿ ಮೂರನೆಯ ಮನುಷ್ಯ ಇರಲಿಲ್ಲ. ತಮ್ಮನ ನೆನಪಿಗೆ ಅಣ್ಣನ ಬಾಯಿ ತಪ್ಪಿತು ಎಂದುಕೊಂಡ ಸೂಗಪ್ಪ. ಪಾಪ ಅನ್ನಿಸಿತು. ಮುದುಕಿಯ ಮಾತು ನೆನಪಾಗಿ ನಗುವೂ ಬಂತು.

"ಓ! ಬಂದೆ ಅಣ್ಣಾ!"

ನಾಗೇಂದ್ರಪ್ಪ ಕಣ್ಣು ಮುಚ್ಚಿ, ತಲೆಯ ಮೇಲಿನ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ.

ಅವತ್ತು ರೊಟ್ಟಿ ಮುಗ್ಗಲು ವಾಸನೆ ಹೊಡೆಯಿತು. ಮರುದಿನ ನೀರೂ ಅದೇ ವಾಸನೆ. ಹುಳಿ ಹತ್ತಿದ, ನೆಲದೊಳಗೆ ಬೆಂದ ಜೋಳದ ವಾಸನೆ. ಎಷ್ಟು ಮಿಂದರೂ ಅದು ಅವನ ಬೆವರಿನಿಂದಲೇ ಹೊರಡುತ್ತಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಎರಡೂ ಕಾಲಿನ ಹರಡಿನ ಮೇಲೆ ಉಂಗುರದಂಥ ಕರಿಗಾಯ, ಬೇಡಿ ಒತ್ತಿದ ಹಾಗೆ. ನಡೆದರೆ ಕಬ್ಬಿಣ ಎಳೆದಂತೆ ಸಪ್ಪಳ. ಅವನ ಕಿವಿಗೆ ಮಾತ್ರ.

ಕಾಶಪ್ಪನಿಗೆ ಶಿಕ್ಷೆಯಾದ ದಿನದಿಂದ ಊರು ಆ ಮನೆಗೆ ಒಲೆ ಹೊತ್ತಿಸಲು ಕೆಂಡ ಕೊಡುವುದನ್ನೂ ಬಿಟ್ಟಿತ್ತು. ಆದರೆ ಹೊರಗಿನಿಂದ ಬಂದ ಸೂಗಪ್ಪನನ್ನು ಕರೆದು ಮಾತಾಡಿಸುತ್ತಿದ್ದರು. ಅಂಗಡಿಯ ಗೊಲ್ಲಾಳಪ್ಪನಂತೂ "ಬಾರೋ ಕಲ್ಲು ಒಡೆಯಾವ, ನಮ್ಮ ಹೆಂಡ್ತಿ ತೆಲಿನೂ ಕಲ್ಲೇ, ಒಂದೀಟು ನೋಡು ಬಾ" ಎಂದು ಚೇಷ್ಟೆ ಮಾಡುತ್ತಿದ್ದ. ಆ ಗೊಲ್ಲಾಳಪ್ಪ ಈಗ ತಂಬಾಕನ್ನು ಕೈಗೆ ಕೊಡದೆ ನೆಲಕ್ಕೆ ಎಸೆದ.

"ಯಾಕೋ ಗೊಲ್ಲಾಳಪ್ಪಾ, ನಾ ಏನ್ ಮಾಡೀನಿ?"

"ಏನ್ ಮಾಡೀನಿ ಅಂತಾನ ನೋಡ್ರಿ! ಯಾವಾಗ ಬಿಟ್ರೋ ಕಾಶ್ಯಾ ನಿನ್ನ? ಮನಷ್ಯಾನ್ನ ಕಡದ ಕೈ ಅದು. ನನ್ನ ತಕ್ಕಡಿ ಮುಟ್ಟಬ್ಯಾಡ."

ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಯಾರೂ ನಗಲಿಲ್ಲ.

ನವರಾತ್ರಿ ಹತ್ತಿರ ಬಂದಾಗ ಶಹಾಬಾದಿನಿಂದ ಗುಲಾಮ ದಸ್ತಗೀರ ಬಂದ. ಸೂಗಪ್ಪ ಖಣಿಯಲ್ಲಿ ಮರೆತುಬಂದ ಸುತ್ತಿಗೆ ಅವನ ಕೈಯಲ್ಲಿತ್ತು. ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಬುತ್ತಿ ಉಂಡು ದೊಡ್ಡವರಾದವರು. ಸೂಗಪ್ಪ ಓಡಿಹೋಗಿ ಅವನ ಎರಡೂ ಭುಜ ಹಿಡಿದ. ದಸ್ತಗೀರ ಹಿಂದೆ ಸರಿದ.

"ಸಲಾಮ್ರಿ. ಸೂಗಪ್ಪ ಅಂತ ನಮ್ಮ ದೋಸ್ತ ಈ ಮನಿಗೆ ಬಂದಾನ. ಎಲ್ಲಿ ಹೋಗ್ಯಾನ್ರಿ?"

"ಮಸ್ಕಿರಿ ಸಾಕೋ ದಸ್ತಗೀರ! ನಾನೋ ಸೂಗ್ಯಾ!"

ದಸ್ತಗೀರ ಅವನ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ. "ಮಾಫ್ ಮಾಡ್ರಿ. ನಿಮ್ಮನ್ನ ನಾ ನೋಡೇ ಇಲ್ಲ." ಸುತ್ತಿಗೆಯನ್ನು ಕಟ್ಟೆಯ ಮೇಲೆ ಇಟ್ಟ. ಹಿಂದೆ ನೋಡದೆ ಸ್ಟೇಷನ್ನಿನ ಕಡೆ ಓಡಿದ.

ಸೂಗಪ್ಪ ಮುದುಕಿಯ ಮುಂದೆ ಕುಸಿದು ಕುಳಿತ. ಅವಳು ಬಾಯಿ ಬಿಟ್ಟಳು.

"ಬದುವಿನ ಜಗಳದಾಗ ಬಾಜೂ ಹೊಲದ ಹಣಮಪ್ಪನ್ನ ಕಡದು ಕೊಂದಾಂವ ನನ್ನ ದೊಡ್ಡ ಮಗ. ಅಣ್ಣಗ ಮಕ್ಕಳದಾವ ಅಂತ ಸಣ್ಣಾಂವ ಪೊಲೀಸರ ಮುಂದ ತನ್ನ ಹೆಸರು ಹೇಳಿದ. ಜೇಲಿಗೆ ಒಯ್ಯಾಗ ಕೊರಳಾಗಿನ ಲಿಂಗ ಬಿಚ್ಚಿ ಅಣ್ಣನ ಕೈಯಾಗ ಇಟ್ಟ. ಪೂಜಿ ತಪ್ಪಸಬ್ಯಾಡಣ್ಣಾ, ಬಂದು ಕಟ್ಟಿಕೊಂತೀನಿ ಅಂದ."

"ಅಂದ್ರ ಅಂವ ಸತ್ತಿಲ್ಲಾ?"

"ಇಲ್ಲೋ ಎಪ್ಪಾ. ಜೇಲಿನಾಗ ಜೀವಂತ ಅದಾನ. ದೈವದವ್ರು, ಕುಲದ ಹಿರ್ಯಾರು, ಪಂಚಾಯ್ತಿ ಕುಂತ್ರು. ಕೈದಿ ಮನಿ ಹೆಣ್ಣು ಯಾರೂ ತಗೊಳ್ಳಂಗಿಲ್ಲ, ಅಂವನ್ನ ಸತ್ತಾಂವ ಅಂತ ಮಾಡ್ರಿ ಅಂದ್ರು. ನಾಗೇಂದ್ರನ ಮನ್ಯಾಗ ಎರಡು ಹೆಣ್ಣು. ಜೀವಂತ ಇದ್ದಾಂವಗ ಮಣ್ಣು ಕೊಡಾಕ ನಾ ಬರಂಗಿಲ್ಲ ಅಂತ ಮಠದ ಗುರುಲಿಂಗಯ್ಯನವ್ರು ಹೊಳ್ಳಿ ಹೋದ್ರು. ಆದ್ರೂ ಇವ ಬಿಡಲಿಲ್ಲ. ಜ್ವಾಳದ ಒಣ ದಂಟಿನ ಕಣಿಕಿ ಕಟ್ಟಿ ಗೊಂಬಿ ಮಾಡಿ, ತಮ್ಮನ ಧೋತರ ಉಡಿಸಿ, ಅದರ ಕೈಯಾಗ ಆ ಲಿಂಗ ಇಟ್ಟು, ಹಗೇವಿನಾಗ ಕುಂದ್ರಿಸಿ ಕಲ್ಲು ಮುಚ್ಚಿದ. ನಾನು ನೋಡಿಕೋತ ನಿಂತಿದ್ದೆ."

ಮುಚ್ಚಿದ ವಾರದಲ್ಲಿಯೇ ಮನೆಯ ಮೇಲೆ ಕಲ್ಲು ಬಿದ್ದವು. ಪೆಟ್ಟಿಗೆಯೊಳಗಿನ ಸೀರೆ ಪೆಟ್ಟಿಗೆಯೊಳಗೇ ಸುಟ್ಟುಹೋದವು. ಬಾನಾಮತಿಯ ಮಾಟ ಎಂದು ಹೆದರಿ ನಾಗೇಂದ್ರಪ್ಪ ಚಿಂಚೋಳಿ ಕಡೆಯ ಒಬ್ಬ ಮಂತ್ರಗಾರನನ್ನು ಕರೆಸಿದ. ಗುಂಡಿಗೆ ಹೆಸರು ಕೊಟ್ಟಿದ್ದೀರಿ, ಮೈ ಕೊಟ್ಟಿಲ್ಲ. ಮೈ ಸಿಗುವತನಕ ಅದು ಕೇಳುತ್ತಲೇ ಇರುತ್ತದೆ ಎಂದು ಅವನು ಹೇಳಿದ. ಆ ಹೆಸರಿಗೆ ಓ ಎನ್ನುವ ಒಬ್ಬನನ್ನು ತನ್ನಿರಿ, ಹಿಂದೆ ಕೇಳುವವರು ಇಲ್ಲದವನನ್ನು.

"ಬಿಡಿಸಿಕೊಳ್ಳಾಕ ದಾರಿ ಇಲ್ಲೇನವ್ವಾ?"

"ಒಂದದ, ಆ ಮಂತ್ರಗಾರನೇ ಹೇಳಿದ್ದು. ನೀ ಕೆಳಗಿಳದು ಗೊಂಬಿ ಕೈಯಾಗಿನ ಲಿಂಗ ತಗೋಬೇಕು. ಆಗ ನಿನಗ ಕಟ್ಟಿಕೊಂಡಾಕಿ ಮ್ಯಾಲ ನಿಂತು ನಿನ್ನ ಹೆಸರು ಹಿಡದು ಕರೀಬೇಕು. ನಿನಗ ನಿನ್ನ ಹೆಸರು ಬರ್ತದ. ಆದ್ರ ಗುಂಡಿ ಉಪಾಸ ಇರಂಗಿಲ್ಲ. ಜೇಲಿನಾಗ ಇದ್ದಾಂವನ ಜೀವ ಅವತ್ತೇ ಹೋಗ್ತದ." ಮುದುಕಿ ಗೋಡೆಯ ಕಡೆ ತಿರುಗಿದಳು. "ನಾ ಅಂವನ ತಾಯಿ. ಬಾಗಿಲಾಗ ನಿನಗ ಒಂದು ಮಾತು ಹೇಳಿದೆ. ಅದಕ್ಕಿಂತ ಹೆಚ್ಚಿಂದು ನನ್ನ ಕೇಳಬ್ಯಾಡ."

ಸೂಗಪ್ಪ ಶಿವಕಾಂತಮ್ಮನ ಹತ್ತಿರ ಹೋದ. ಅವಳು ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನಗ ಯಾರೂ ಇಲ್ಲ. ಒಂದು ಸಲ ಕರಿ. ಒಂದೇ ಸಲ. ಆಮ್ಯಾಲ ನಾ ಈ ಊರಿನ ಕಡಿ ಹೊಳ್ಳಿ ನೋಡಂಗಿಲ್ಲ."

ಆಗ ಮೊದಲ ಬಾರಿಗೆ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಅವನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟಳು.

"ಕರೀತೀನ್ರಿ. ಆಣಿ ಮಾಡ್ತೀನಿ."

ನಾಗೇಂದ್ರಪ್ಪ ಸೇಡಂ ಸಂತೆಗೆ ಹೋದ ದಿನ, ಬೆಳಗಾಗುತ್ತಲೇ ಸೂಗಪ್ಪ ಹಾಸುಗಲ್ಲು ಸರಿಸಿದ. ಹಗೇವನ್ನು ತೆರೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ಅದು ಅವನಿಗೂ ಗೊತ್ತಿತ್ತು. ಮಧ್ಯಾಹ್ನದವರೆಗೆ ಕಾದ. ಬಿಸಿಲು ಸುಡುತ್ತಿತ್ತು. ಆ ಬಾಯಿಯೊಳಗೆ ಒಂದು ಮೊಳವೂ ಬೆಳಕು ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಉರಿಯಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಇನ್ನೊಂದು ತುದಿ ಶಿವಕಾಂತಮ್ಮನ ಕೈಗೆ ಕೊಟ್ಟು ಇಳಿದ.

ಕಾಲು ನೆಲ ಮುಟ್ಟಿತು. ಕಂದೀಲು ಆರಿತು.

ಬಿಸಿ. ಕೊಳೆತ ಜೋಳದ ಹಬೆ. ಗೋಡೆಗೆ ಹಚ್ಚಿದ ಹುಲ್ಲು ಸರಸರ ಅಂದಿತು. ಗಾಳಿ ಇಲ್ಲ. ಆದರೂ ಅಂದಿತು. ಸೂಗಪ್ಪ ಕೈ ಚಾಚಿದ. ಕಣಿಕೆ. ಧೋತರ. ಕೂತಿದೆ. ಚಕ್ಕಳಮಕ್ಕಳ ಹಾಕಿ ಕೂತಿದೆ. ಮೊಣಕಾಲು ಸಿಕ್ಕಿತು. ತೊಡೆ ಸಿಕ್ಕಿತು. ಎಡಗೈ. ಅಂಗೈಯಲ್ಲಿ ನುಣ್ಣಗೆ, ತಣ್ಣಗೆ ಲಿಂಗ. ಹಿಡಿದ. ಎಳೆದ. ಕಣಿಕೆಯ ಬೆರಳು ಮಡಚಿದವು. ಅವನ ಕೈಯನ್ನು ಹಿಡಿದವು. ಬೆಚ್ಚಗಿದ್ದವು.

"ಕರಿ!" ಎಂದು ಚೀರಿದ. "ಕರಿಯೇ! ನನ್ನ ಹೆಸರು ಕರಿ!"

ಮೇಲೆ ಬೆಳಕಿನ ಬಿಲ್ಲೆ. ಅದರಲ್ಲಿ ಅವಳ ತಲೆ. ಅವಳ ಕಣ್ಣೀರು ಅವನ ಹಣೆಯ ಮೇಲೆ ಬಿತ್ತು. ಅವಳ ಪಕ್ಕದಲ್ಲಿ ಇನ್ನೊಂದು ತಲೆ ಬಂತು. ಬಿಳಿ ಕೂದಲು. ಮುದುಕಿ.

"ಕರಿ! ಆಣಿ ಮಾಡೀದಿ!"

ಅವಳು ಕರೆದಳು. ಗಂಡನ ಹೆಸರನ್ನು ಎಂದೂ ಹೇಳದ ಬಾಯಿ ಅದು. ಗಟ್ಟಿಯಾಗಿ, ಸ್ಪಷ್ಟವಾಗಿ ಕರೆದಳು.

"ಕಾಶಪ್ಪಾ!"

ಬೇಡ. ಅನ್ನಬಾರದು. ಸೂಗಪ್ಪ ಹಲ್ಲು ಕಚ್ಚಿದ. ತುಟಿ ಕಚ್ಚಿದ. ರಕ್ತ ಬಂತು. ನನ್ನ ಹೆಸರು... ನನ್ನ ಹೆಸರು... ಹುಡುಕಿದ. ಇರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಓ."

ಹಗ್ಗ ಸಡಿಲವಾಗಿ ತಲೆಯ ಮೇಲೆ ಬಿತ್ತು. ಹಾಸುಗಲ್ಲು ಉಜ್ಜಿಕೊಂಡು ಸರಿಯುವ ಸಪ್ಪಳ. ಶಹಾಬಾದಿನ ಕಲ್ಲಿನ ಸಪ್ಪಳ ಅದು. ಅವನು ಹುಟ್ಟಿನಿಂದ ಕೇಳಿದ್ದು. ಬೆಳಕಿನ ಬಿಲ್ಲೆ ಗೆರೆಯಾಯಿತು. ಗೆರೆಯೂ ಹೋಯಿತು.

ಆಮೇಲೆ ಆ ಮನೆಯ ಮೇಲೆ ಕಲ್ಲು ಬೀಳಲಿಲ್ಲ, ಸೀರೆ ಸುಡಲಿಲ್ಲ. ಊರು ಕೆಂಡ ಕೊಟ್ಟಿತು. ನಾಗೇಂದ್ರಪ್ಪ ಅದೇ ಹಾಸುಗಲ್ಲಿನ ಮೇಲೆ ಹಂದರ ಹಾಕಿ ಎರಡೂ ಹೆಣ್ಣುಮಕ್ಕಳ ಮದುವೆ ಮಾಡಿದ. ಉಡಕಿ ಮಾಡಿಕೊಂಡವನು ಹೇಳದೆ ಕೇಳದೆ ಓಡಿಹೋದ ಅಂದ. ಅಂಗಡಿಯ ಮುಂದೆ ಕಾಶಪ್ಪನನ್ನು ಕಂಡದ್ದನ್ನೂ ಊರು ಮರೆತಿತ್ತು. ಮಹಾದೇವಮ್ಮ ಮಾತ್ರ ಉಂಡಾದ ಮೇಲೆ ಆ ಕಲ್ಲಿಗೆ ಕಿವಿಯಿಟ್ಟು ಮಲಗಿ "ಕಾಶಪ್ಪಾ" ಅನ್ನುತ್ತಿದ್ದಳು. ಕೆಳಗಿನಿಂದ ಅವಳಿಗೆ ಓ ಎಂದು ಕೇಳುತ್ತಿತ್ತಂತೆ. ಸಾಯುವತನಕ ಕೇಳಿತು.

ನಿಜಾಮರ ರಾಜ್ಯ ಹೋದ ವರ್ಷ, ದೀಪಾವಳಿ ಮುಂದೆ, ಕೆಲವು ಕೈದಿಗಳನ್ನು ಬಿಡುತ್ತಾರೆಂದು ಸುದ್ದಿ ಬಂತು. ಕಾಶಪ್ಪನ ಹೆಸರೂ ಅದರಲ್ಲಿತ್ತು. ಶಿವಕಾಂತಮ್ಮ ಹಸಿರು ಬಳೆ ಇಟ್ಟುಕೊಂಡು, ಒಗೆದ ಧೋತರ, ರುಮಾಲು ಗಂಟು ಕಟ್ಟಿಕೊಂಡು ಕಲಬುರ್ಗಿ ಜೇಲಿನ ಮುಂದೆ ಹೋಗಿ ನಿಂತಳು. ಬಾಗಿಲು ತೆರೆಯಿತು. ಬಂದ. ಅದೇ ಎತ್ತರ, ಅದೇ ಹುಬ್ಬಿನ ಗಾಯ. ಗಲ್ಲ ಒಳಗೆ ಹೋಗಿತ್ತು, ಜೀವ ಇತ್ತು.

"ಕಾಶಪ್ಪಾ," ಎಂದು ಬಾಗಿಲಿನ ಸಿಪಾಯಿ ಕೂಗಿದ. ಅವನು ತಿರುಗಲಿಲ್ಲ.

ಅವಳು ಓಡಿಹೋಗಿ ಅಡ್ಡ ನಿಂತಳು. "ನಾನ್ರಿ! ಬರ್ರಿ, ಮನಿಗಿ ಹೋಗೂಣು."

ಅವನು ಅವಳನ್ನು ನೋಡಿದ. ಗುರುತು ಇರಲಿಲ್ಲ. ಅವನ ಬಾಯಿಯಿಂದ ಹುಳಿ ಹತ್ತಿದ ಜೋಳದ ವಾಸನೆ ಬಂತು.

"ಯಾರವ್ವಾ ನೀನು? ನಾ ಶಹಾಬಾದಿನ ಸೂಗಪ್ಪ. ಕಲ್ಲು ಒಡೆಯಾಂವ."

ಅವಳು ಗಂಟು ಬಿಚ್ಚಿ ರುಮಾಲನ್ನು ಅವನ ಮುಂದೆ ಹಿಡಿದಳು.

"ಒಬ್ಬಾಕಿ ನನ್ನ ಹೆಸರು ಹಿಡದು ಕರೀತೀನಿ ಅಂತ ಆಣಿ ಮಾಡಿದ್ಲು," ಎಂದ ಅವನು, ತನಗೆ ತಾನೇ ಹೇಳಿಕೊಂಡಂತೆ. "ಇನ್ನಾ ಕರದಿಲ್ಲ. ಕೇಳಸ್ಕೊಂಡೇ ಕುಂತೀನಿ."

ಅವಳ ನಾಲಗೆಯ ಮೇಲೆ ಆ ಹೆಸರು ಇತ್ತು. ಕರೆದರೆ ಅವನು ತಿರುಗುತ್ತಿದ್ದ. ಆದರೆ ಹಾಗೆ ತಿರುಗುವವನು ಕಾಶಪ್ಪನಲ್ಲ, ತಾನು ಹಗೇವಿನಲ್ಲಿ ಮುಚ್ಚಿದವನು ಎಂಬುದು ಅವಳಿಗೆ ಗೊತ್ತಿತ್ತು. ಅವಳು ಕರೆಯಲಿಲ್ಲ. ಅವನು ಸ್ಟೇಷನ್ನಿನ ದಾರಿ ಹಿಡಿದು, ಶಹಾಬಾದಿನ ರೈಲು ಹತ್ತಿ ಹೋದ.