ರಚನಾ ಕುಡಿದ ನೀರು

೨೦೨೫ರ ಮಾರ್ಚ್ ೨೪, ಸೋಮವಾರ. ಬೆಳಿಗ್ಗೆ ೧೦.೪೦ಕ್ಕೆ ವಡಪಳನಿ ಸಮೀಪದ ಠಾಣೆಗೆ ತಂದೆ, ಮಗಳು ಇಬ್ಬರು ದೂರು ಹಿಡಿದು ಬಂದರು. ಮಗಳು ರಚನಾ, ಇಪ್ಪತ್ತೆರಡು ವರ್ಷದ ವೃತ್ತಿಪರ ಟೆನಿಸ್ ಆಟಗಾರ್ತಿ. ತಂದೆ ಸದಾನಂದ, ಮೈಸೂರಿನಿಂದ ವರ್ಗವಾಗಿ ಬಂದ ಎಂಜಿನಿಯರ್. ಫೆಬ್ರವರಿಯ ಟೂರ್ನಿಯಲ್ಲಿ ಪಡೆದ ಆಕೆಯ ಮೂತ್ರದಲ್ಲಿ ಸ್ಟನೊಝೊಲಾಲ್ ಎಂಬ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತ್ತು. ಆಟದಿಂದ ಅಮಾನತು ಮಾಡಿದ ಪತ್ರ ಮೂರು ದಿನದ ಹಿಂದೆ ಬಂದಿತ್ತು.

"ನಾನು ತಗೊಂಡಿಲ್ಲ ಸರ್. ಸತ್ಯವಾಗ್ಲೂ ತಗೊಂಡಿಲ್ಲ," ಎಂದಳು ರಚನಾ. "ನಂಗೆ ಗೊತ್ತಿಲ್ದೇ ಯಾರೋ ಕಲಸಿದಾರೆ."

ಇನ್ಸ್‌ಪೆಕ್ಟರ್ ಸಿದ್ಧಲಿಂಗೇಶ್ ಪೆನ್ನು ಕೆಳಗಿಟ್ಟರು. ಈ ಮಾತನ್ನು ಇದೇ ಧಾಟಿಯಲ್ಲಿ ಎಲ್ಲೋ ಕೇಳಿದ್ದೇನೆ ಎನಿಸಿತು. ಎಲ್ಲಿ, ಯಾರಿಂದ ಎಂದು ಹೊಳೆಯಲಿಲ್ಲ. ಹಿಂದೆ ಯಾರೋ ನಿಂತ ಹಾಗಾಗಿ ಒಮ್ಮೆ ತಿರುಗಿಯೂ ನೋಡಿದರು. ಗೋಡೆಯಿತ್ತು, ಅಷ್ಟೇ.

"ಪತ್ರ ಬಂದ ಮೇಲೆ ಟೆನಿಸ್ ಅಕಾಡೆಮಿಯಲ್ಲಿರೋ ನಿನ್ನ ಲಾಕರ್ ಮುಟ್ಟಿದೀಯೇನಮ್ಮ?"

"ಇಲ್ಲ ಸರ್. ಅಪ್ಪ ಬೇರೆ ಬೀಗ ಹಾಕಿಸಿದ್ರು."

ವಿಷವಸ್ತು ಕೊಟ್ಟು ಹಾನಿ ಮಾಡಿದ ಆರೋಪದ ಮೇಲೆ ೧೧.೩೦ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಅಕಾಡೆಮಿಯಲ್ಲಿ ಪಂಚನಾಮೆ. ಇಬ್ಬರು ಪಂಚರ ಎದುರು ಹೆಡ್ ಕಾನ್‌ಸ್ಟೆಬಲ್ ಜಯಲಕ್ಷ್ಮೀ ಲಾಕರ್ ತೆಗೆಸಿದರು. ಹೊಸೂರಿನ ಹೆಣ್ಣುಮಗಳು; ಠಾಣೆಯಲ್ಲಿ ಉಳಿದವರ ಜೊತೆ ತಮಿಳು, ಸಾಹೇಬರ ಜೊತೆ ಕನ್ನಡದಲ್ಲೇ ಮಾತು. ನೀರಿಗೆ ಬೆರೆಸಿ ಕುಡಿಯುವ ಲವಣದ ಪುಡಿಯ ಎರಡು ಡಬ್ಬಿ ಸಿಕ್ಕವು, ಒಂದು ತೆರೆದದ್ದು, ಇನ್ನೊಂದರ ಸೀಲು ಒಡೆದಿರಲಿಲ್ಲ. ಎರಡನ್ನೂ ಅರಗು ಹಾಕಿ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಹಳೆಯ ಬೀಗಕ್ಕೆ ಮೂರು ಕೀಲಿಗಳಿದ್ದವು. ಒಂದು ರಚನಾಳದು, ಒಂದು ಕೋಚ್ ಮಧ್ವರಾಜನದು, ಮತ್ತೊಂದು ಆಟಗಾರ್ತಿಯರ ಮೈಕೈ ನೋವಿಗೆ ಮಸಾಜ್ ಮಾಡುವ ಕೋಮಲಾಳದು.

"ನನ್ನ ಹುಡುಗಿ ಅಂಥವಳಲ್ಲ," ಎಂದ ಮಧ್ವರಾಜ. "ಬೇಕಾದ್ರೆ ಬರ್ಕೊಡ್ತೀನಿ."

ಕೋಮಲಾ ಟವಲು ಮಡಿಸುತ್ತಲೇ ಸಿದ್ಧಲಿಂಗೇಶರಿಗೆ ಉತ್ತರ ಕೊಟ್ಟಳು.

"ಲಾಕರ್ ಯಾವಾಗ ತೆಗೀತಿದ್ರಿ?"

"ಮ್ಯಾಚ್ ದಿನ. ಬಾಟ್ಲಿ ತುಂಬಿಸೋಕೆ."

"ಪುಡಿ ಹಾಕ್ತಿದ್ದೋರು?"

"ನಾನೇ."

ಅವಳು ತಲೆಯೆತ್ತಿ ಸಿದ್ಧಲಿಂಗೇಶರನ್ನು ನೋಡಿದಳು. ನೋಟದಲ್ಲಿ ಭಯವಿರಲಿಲ್ಲ. ಪರಿಚಯದವರು ಗುರುತು ಹಿಡಿಯುತ್ತಾರೇನೋ ಎಂದು ಕಾಯುವ ನೋಟ ಅದು. ಜೀಪಿನಲ್ಲಿ ಕೂತ ಮೇಲೂ ಆ ಕಣ್ಣು ಅವರನ್ನು ಬಿಡಲಿಲ್ಲ.

ಏಪ್ರಿಲ್ ೭ಕ್ಕೆ ವರದಿ ಬಂತು. ತೆರೆದ ಡಬ್ಬಿಯಲ್ಲಿ ಸ್ಟನೊಝೊಲಾಲ್ ಇತ್ತು, ಸೀಲಿದ್ದ ಡಬ್ಬಿಯಲ್ಲಿರಲಿಲ್ಲ. ಜಯಲಕ್ಷ್ಮೀ ಎರಡು ದಿನ ಔಷಧಿ ಅಂಗಡಿಗಳನ್ನು ಸುತ್ತಿದರು. ಮಾಧವರಂನ ಒಂದು ಅಂಗಡಿಯ ರಿಜಿಸ್ಟರಿನಲ್ಲಿ ಜನವರಿ ೨೮ರಂದು ಆ ಮಾತ್ರೆ ಮಾರಿದ ದಾಖಲೆಯಿತ್ತು. ರೋಗಿಯ ಹೆಸರು ಪುಟ್ಟತಾಯಮ್ಮ, ರಕ್ತಹೀನತೆ. ವಿಳಾಸವೂ ಇತ್ತು.

ಏಪ್ರಿಲ್ ೯, ಬೆಳಿಗ್ಗೆ ೧೧.೨೦ಕ್ಕೆ ಜಯಲಕ್ಷ್ಮೀ ಫೋನ್ ಮಾಡಿದರು.

"ಸಾರ್, ಆ ಅಮ್ಮ ಸತ್ತು ನಾಲ್ಕು ವರ್ಷ ಆಗಿದೆ. ಹಳೇ ಚೀಟಿ, ತಾರೀಖು ತಿದ್ದಿದಾರೆ. ಮನೇಲಿ ಮಗಳೊಬ್ಬಳೇ ಇರೋದಂತೆ."

"ಮಗಳು ಯಾರು?"

"ಮಸಾಜ್ ಕೋಮಲಾ ಸಾರ್. ಮೊದ್ಲು ಟೆನಿಸ್ ಆಡ್ತಿದ್ಲಂತೆ. ಏನೋ ಮಾತ್ರೆ ತಿಂದು ಸಿಕ್ಕಿಬಿದ್ದಿದ್ಕೆ ಎರಡು ವರ್ಷ ಆಟದಿಂದ ಹೊರಗೆ ಹಾಕಿದ್ರಂತೆ. ಅಪ್ಪ ಕೊಟ್ರಪ್ಪ ಅಂತ, ಅವರೂ ಇಲ್ಲ."

ಕೊಟ್ರಪ್ಪ. ಆ ಹೆಸರು ಕೇಳಿದ್ದೇ ಸಿದ್ಧಲಿಂಗೇಶರಿಗೆ ಎಲ್ಲ ನೆನಪಾಯಿತು. ೨೦೧೪. ಆಗ ಅವರು ಬೇರೊಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್. ಬಿಳಿ ಅಂಗಿಯ ಗಂಡಸು ಮಗಳನ್ನು ಕರೆತಂದು, ಇವರ ಬಳ್ಳಾರಿ ಕಡೆಯ ಮಾತು ಕೇಳಿ ನಮ್ಮವರೇ ಎಂದು ಸಲಿಗೆಯಿಂದ ಹೆಸರು ಹೇಳಿಕೊಂಡು ದೂರು ಮುಂದಿಟ್ಟಿದ್ದ. ಗೊತ್ತಿಲ್ಲದೆ ಯಾರೋ ಕಲಸಿದ್ದಾರೆ ಎಂದು ಹುಡುಗಿ ಹೇಳಿದ್ದಳು. ಸಿದ್ಧಲಿಂಗೇಶ್ ಓದದೆಯೇ ಕಾಗದ ಹಿಂದಕ್ಕೆ ತಳ್ಳಿದ್ದರು. "ತಿಂದೋರು ನೀವು, ಕೇಸು ಬರ್ಕೊಳ್ಳೋದು ನಾನಾ?" ಠಾಣೆಯೆಲ್ಲ ನಕ್ಕಿತ್ತು.

ಮಧ್ಯಾಹ್ನ ಮೂರಕ್ಕೆ ಕೋಮಲಾಳನ್ನು ಕರೆತಂದರು. ರಿಜಿಸ್ಟರಿನ ಪ್ರತಿ ಮುಂದಿಟ್ಟಾಗ ಅವಳು ಅಲ್ಲಗಳೆಯಲಿಲ್ಲ.

"ಮಾತ್ರೆ ಪುಡಿ ಮಾಡಿ ಡಬ್ಬಿಗೆ ಹಾಕಿದೆ. ಎರಡು ವಾರ."

"ರಚನಾ ನಿಂಗೇನು ಮಾಡಿದ್ಲು?"

"ಏನಿಲ್ರಿ. ಒಳ್ಳೇ ಹುಡುಗಿ." ಕೋಮಲಾ ರಿಜಿಸ್ಟರಿನ ಪ್ರತಿಯನ್ನು ಪಕ್ಕಕ್ಕೆ ಸರಿಸಿದಳು. "ಮಧ್ವರಾಜ ಸರ್ ನನಗೂ ಕೋಚ್. ಹೊಸ ಹುಡುಗ್ಯಾರು ಬಂದಾಗೆಲ್ಲ ನನ್ನ ಕತಿ ಹೇಳ್ತಾರ. ಹೆಸರು ಹೇಳಂಗಿಲ್ಲ. ನಾನು ಅಲ್ಲೇ ಯಾರದೋ ಕಾಲು ಒತ್ತಿಕೋತ ಕೂತಿರ್ತೀನಿ. ಈ ಜನವರ್ಯಾಗ ಹೇಳಿದಾಗ ರಚನಾ ನಕ್ಕಳು. ಗೊತ್ತಿಲ್ದೇ ಹೆಂಗ್ ಹೊಟ್ಟೆಗೆ ಹೋಗತ್ತೆ ಅಂದಳು."

"ಅದಕ್ಕೆ?"

"ಹೆಂಗ ಹೋಗ್ತದ ಅಂತ ಒಬ್ಬರಿಗಾದರೂ ತಿಳೀಲಿ ಅಂತ. ಆದ್ರ ಪತ್ರ ಬಂದ ದಿನ ಸರ್ ಆಕಿ ತಲಿ ಸವರಿ, ನಾನು ನಂಬ್ತೀನಿ ಅಂದ್ರು. ನನ್ನ ಮುಂದೇ ಅಂದ್ರು."

ಸಿದ್ಧಲಿಂಗೇಶ್ ಕೇಳಬಾರದೆಂದುಕೊಂಡದ್ದನ್ನು ಕೇಳಿದರು. "ಅವತ್ತು ಠಾಣೆಯಿಂದ ಹೋದ ಮೇಲೆ ಅಪ್ಪ ಏನಂದ್ರು?"

"ಬಸ್ಸಿನ್ಯಾಗ ಮಾತಾಡ್ಲಿಲ್ಲ. ಮನಿ ಬಾಗಿಲದಾಗ ನಿಂತು, ಈಗ ಯಾರೂ ಇಲ್ಲವ್ವಾ, ನನಗೊಬ್ಬನಿಗೆ ಖರೇ ಹೇಳಿಬಿಡು ಅಂದ್ರು. ಅಲ್ಲೀತನ ಅಪ್ಪ ನಂಬಿದ್ರು." ಅವಳು ಕೈ ಒರೆಸಿಕೊಂಡಳು. "ಅವತ್ತು ನೀವೂ ನಂಬಿರಲಿಲ್ಲ ಬಿಡ್ರಿ. ನಿಮಗ ನಾ ಯಾರೂ ಅಲ್ಲ. ಅಪ್ಪ ಅವತ್ತಿಂದ ನಂಬಲಿಲ್ಲ. ಸಾಯೋತನಕ ನಂಬಲಿಲ್ಲ."

೪.೧೫ಕ್ಕೆ ಜಯಲಕ್ಷ್ಮೀ ಬಂಧನದ ಮೆಮೊ ತುಂಬಿದರು. ಯಾರಿಗೆ ತಿಳಿಸಬೇಕು ಎಂಬಲ್ಲಿಗೆ ಬಂದು ನಿಂತರು. ಯಾರೂ ಇಲ್ಲ ಎಂದಳು ಕೋಮಲಾ. ನಂತರ ಕೇಳಿದಳು, "ರಚನಾನ ಅಪ್ಪ ಆಕಿನ್ನ ನಂಬ್ಯಾರೇನ್ರಿ?"

"ಮೊದಲ ದಿನದಿಂದ," ಎಂದರು ಸಿದ್ಧಲಿಂಗೇಶ್.

ಅವಳು ತಲೆಯಾಡಿಸಿ ಎದ್ದಳು.

ಸಂಜೆ ರಚನಾಗೆ ಫೋನಿನಲ್ಲಿ ವಿಷಯ ತಿಳಿಸಿ, ಪ್ರಯೋಗಾಲಯದ ವರದಿಯ ಪ್ರತಿಯನ್ನು ಅಮಾನತಿನ ವಿಚಾರಣೆಗೆ ಕಳಿಸುವ ವ್ಯವಸ್ಥೆಯಾಯಿತು. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಸುತ್ತ ಸಿದ್ಧಲಿಂಗೇಶ್, ೨೦೧೪ರಲ್ಲಿ ಆರೋಪಿಯೇ ಇಂಥದೇ ದೂರು ತಂದಿದ್ದಳು, ಅಧಿಕಾರಿ ಅದನ್ನು ಸ್ವೀಕರಿಸಲಿಲ್ಲ ಎಂದರು.

ಜಯಲಕ್ಷ್ಮೀ ಬರೆದು ತಲೆಯೆತ್ತಿದರು. "ಅಧಿಕಾರಿ ಹೆಸರು ಸಾರ್?"

ಹೊರಗೆ ಮುರುಗನ್ ಗುಡಿಯ ಕಡೆಗೆ ಹೋಗುವ ಜನರ ಸದ್ದು. ಸಿದ್ಧಲಿಂಗೇಶ್ ಡೈರಿಯನ್ನು ತಮ್ಮ ಕಡೆ ಎಳೆದುಕೊಂಡು, ಹೆಸರನ್ನು ತಾವೇ ಬರೆದರು.