ಹದಿನೇಳು ಹೆಸರುಗಳ ಗೋಡೆ

ಗೋದಾಮು ಕಟ್ಟಲು ಗೋಡೆಯನ್ನು ಸೋಮವಾರ ಕೆಡವುವವರಿದ್ದರು. ಅದರ ಮೇಲಿದ್ದ ಹೆಸರುಗಳನ್ನು ಭಾನುವಾರವೇ ತರಬೇಕಿತ್ತು.

೧೯೯೯ರ ಅಕ್ಟೋಬರ್. ಲಂಡನ್ನಿನ ಕಿಂಗ್ಸ್‌ಬರಿಯ ಮನೆಯಲ್ಲಿ ಎಪ್ಪತ್ತೊಂಬತ್ತರ ಅಮೃತಪ್ಪ ಒಂದು ಕಾಗದವನ್ನು ಮೊಮ್ಮಗಳು ಸೌಜನ್ಯಾಳಿಂದ ಮೂರನೆಯ ಸಲ ಓದಿಸಿದರು. ಪೂರ್ವ ಲಂಡನ್ನಿನಲ್ಲಿ, ಥೇಮ್ಸ್ ದಂಡೆಯ ಜೌಗಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರವೊಂದಿತ್ತು. ಅದರ ಚರಿತ್ರೆಯ ಪ್ರದರ್ಶನ ಮಾಡುತ್ತಿದ್ದ ಸಂಘ ಅವರ ಪತ್ರಕ್ಕೆ ಚುಟುಕಾಗಿ ಉತ್ತರ ಬರೆದಿತ್ತು: ಭಾರತದ ಪದಾತಿ ಸೈನಿಕರು ಅಲ್ಲಿದ್ದುದಕ್ಕೆ ಪುರಾವೆಯಿಲ್ಲ; ಗುರಿ ಅಭ್ಯಾಸದ ಗೋಡೆಯ ಮೇಲಿರುವುದು ಅರ್ಥವಿಲ್ಲದ ಗೀಚು.

"ಗೀಚು?" ಅಮೃತಪ್ಪ ಕೋಲನ್ನು ನೆಲಕ್ಕೆ ಕುಟ್ಟಿದರು. "ನಮ್ಮ ಪ್ಲಟೂನಿನ ಹದಿನೇಳು ಮಂದಿ ಸತ್ತಾರ. ಕೆಲವರು ಮರಳುಗಾಡಿನ್ಯಾಗ ಗುಂಡು ತಿಂದು, ಕೆಲವರು ಜರ್ಮನಿ ಸೆರಿಯೊಳಗ ಹಸದು. ಅವರ ಹೆಸರು ಹಸಿ ಸಿಮೆಂಟಿನ್ಯಾಗ ಮೊಳೀಲೆ ನಾನ ಬರದೇನಿ, ಕನ್ನಡದಾಗ. ಇವರಿಗೆ ಓದಾಕ ಬರಲಿಲ್ಲಂದ್ರ ಅದು ಗೀಚೇನು?"

೧೯೪೫ರಲ್ಲಿ ಸೆರೆಯಿಂದ ಬಿಡುಗಡೆಯಾದ ಮೇಲೆ, ಹಡಗಿಗೆ ಕಾಯುತ್ತ ಅವರು ಆ ಶಿಬಿರದಲ್ಲಿ ಏಳು ವಾರ ಕಳೆದಿದ್ದರು.

ಪಕ್ಕದ ಫ್ಲಾಟಿನ ಉದಯಶಂಕರ್, ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದವನು, ಕಾರು, ಹಗ್ಗ, ಕ್ಯಾಮೆರಾ ತಂದ. ಸೌಜನ್ಯಾ ಉದ್ದನೆಯ ತೆಳು ಕಾಗದದ ಸುರುಳಿಯನ್ನೂ ಕಪ್ಪು ಮೇಣದ ಕಡ್ಡಿಗಳನ್ನೂ ಕಟ್ಟಿಕೊಂಡಳು.

"ತಾತ, ನೀವು ಕಾರಲ್ಲೇ ಇರಿ. ನಾವಿಬ್ರೂ ಹೋಗ್ಬರ್ತೀವಿ," ಎಂದ ಉದಯಶಂಕರ್.

"ದಾರಿ ಗೊತ್ತೈತೇನು ನಿನಗ?" ಎಂದವರೇ ಅಮೃತಪ್ಪ ರಬ್ಬರ್ ಬೂಟಿಗೆ ಕಾಲು ತೂರಿಸಿದರು.

ಗೋದಾಮು ಕಟ್ಟುವವರು ಮುಖ್ಯ ದಾರಿಗೆ ಬೇಲಿ ಹಾಕಿದ್ದರಿಂದ ನದಿಯ ಕಡೆಯಿಂದಲೇ ನುಗ್ಗಬೇಕಿತ್ತು. ಒಡ್ಡಿನ ಮೇಲಿಂದ ನೋಡಿದರೆ ಕಣ್ಣಿಗೆ ನಿಲುಕುವಷ್ಟು ದೂರ ಜೊಂಡು, ತಲೆಗಿಂತ ಎತ್ತರ, ಒಣಗಿದ ಹುಲ್ಲಿನ ಬಣ್ಣ. ನಡುನಡುವೆ ಸೀಸದಂತೆ ಹೊಳೆಯುವ ಕೆಸರಿನ ಹಳ್ಳಗಳು. ಸಮುದ್ರದ ಇಳಿತಕ್ಕೆ ನದಿ ದೂರಕ್ಕೆ ಸರಿದು, ಹಳೆಯ ದೋಣಿಯೊಂದರ ಪಕ್ಕೆಲುಬುಗಳನ್ನು ಬಯಲಿಗೆ ಬಿಟ್ಟಿತ್ತು. ಆಚೆ ಹೆದ್ದಾರಿಯಲ್ಲಿ ಲಾರಿಗಳು ಹರಿದಾಡುತ್ತಿದ್ದರೂ ಇಲ್ಲಿ ಕೇಳುತ್ತಿದ್ದುದು ಗಾಳಿ ಮತ್ತು ಹಕ್ಕಿಗಳ ಕೂಗು ಮಾತ್ರ. ಹತ್ತಕ್ಕೆ ನೀರು ತೀರ ಕೆಳಗಿಳಿಯುತ್ತದೆ. ಹನ್ನೆರಡರೊಳಗೆ ಮರಳದಿದ್ದರೆ ಹಳ್ಳಗಳು ತುಂಬುತ್ತವೆ.

ಅಮೃತಪ್ಪ ಕೋಲಿನಿಂದ ನೆಲ ಚುಚ್ಚುತ್ತ ಮುಂದೆ ನಡೆದರು. "ಹುಲ್ಲು ಇದ್ದಲ್ಲಿ ಕಾಲಿಡ್ರಿ. ಹೊಳಿಯೂದನ್ನ ಮೆಟ್ಟಬ್ಯಾಡ್ರಿ."

ಮುಕ್ಕಾಲು ಗಂಟೆ ನಡೆದ ಮೇಲೆ ಗೋಡೆ ಸಿಕ್ಕಿತು. ಪಾಚಿ ದಪ್ಪಗೆ ಕಟ್ಟಿತ್ತು. ಸೌಜನ್ಯಾ ಮರದ ಚೂರಿನಿಂದ ಕೆರೆದು, ಕಾಗದ ಹಚ್ಚಿ ಮೇಣ ತಿಕ್ಕಿದಳು. ಕಪ್ಪಿನೊಳಗಿಂದ ಬಿಳಿಯ ಅಕ್ಷರಗಳು ಎದ್ದವು: ಅಡಿವೆಪ್ಪ. ಶರಣಪ್ಪ.

"ಅಜ್ಜಾ, ಇದು ಕ್ಲಿಯರ್ ಆಗಿ ಓದಕ್ಕೆ ಬರತ್ತೆ!" ಎಂದಳು. ಮರುಕ್ಷಣ ಅವಳ ಮುಖ ಕೆಂಪೇರಿತು. "ಹೌ ಡೇರ್ ದೇ!"

ಹದಿನಾರು ಹೆಸರು ಬಂದವು. ಕೆಳಗಿನ ಮೂಲೆ ಒಡೆದು ಬಿದ್ದಿತ್ತು. ಹದಿನೇಳನೆಯದು ಇರಲಿಲ್ಲ.

"ಅದು ಯಾರದು ತಾತ?" ಎಂದ ಉದಯಶಂಕರ್.

ಅಮೃತಪ್ಪ ಒಡಕಿನ ಮೇಲೆ ಬೆರಳಾಡಿಸಿದರು. "ಅವನ ಮಾರಿ ಕಣ್ಣಮುಂದ ಐತಿ. ಬೆಲ್ಲ ಅಂದ್ರ ಜೀವ ಬಿಡತಿದ್ದ. ಹೆಸರು ಬರವೊಲ್ಲದು." ಇಷ್ಟು ಹೊತ್ತು ಸಂಘದ ಮೇಲಿದ್ದ ಸಿಟ್ಟು ಈಗ ತಮ್ಮ ಮೇಲೆಯೇ ತಿರುಗಿ, ಅವರು ಮುಷ್ಟಿಯಿಂದ ಹಣೆ ಗುದ್ದಿಕೊಂಡರು. ಸೌಜನ್ಯಾ ಕೈ ಹಿಡಿದು ನಿಲ್ಲಿಸಿದಳು.

ಮರಳುವಾಗ ಹನ್ನೆರಡು ದಾಟಿತ್ತು. ಹಳ್ಳದ ತಳದಲ್ಲಿ ನೀರು ನಾಲಗೆ ಚಾಚುತ್ತಿತ್ತು.

ಹಳ್ಳ ದಾಟುವ ಅವಸರದಲ್ಲಿ ಉದಯಶಂಕರ್ ಹಾರಿದ. ತೊಡೆಯವರೆಗೆ ಹೂತ.

ಕಾಲು ಎಳೆದ. ಇನ್ನೂ ಹೂತ. ಹೆಗಲ ಕ್ಯಾಮೆರಾ ಜಾರಿ ಕೆಸರಲ್ಲಿ ಮುಳುಗಿತು. ನೀರು ಸೊಂಟ ಮುಟ್ಟಿತು.

"ಮಲಕೋ!" ಅಮೃತಪ್ಪ ಗುಡುಗಿದರು. "ನಿಂತಷ್ಟೂ ಒಳಗ ಹೋಗ್ತಿ. ಅಂಗಾತ ಮಲಕೋ, ತಮ್ಮಾ!"

ಅವನು ಬೆನ್ನ ಮೇಲೆ ಬಿದ್ದ. ಅಮೃತಪ್ಪ ಎಸೆದ ಹಗ್ಗವನ್ನು ಎದೆಗೆ ಸುತ್ತಿಕೊಂಡ. ಸೌಜನ್ಯಾ ಅದರ ಇನ್ನೊಂದು ತುದಿಯನ್ನು ಹಳೆಯ ಬೇಲಿಗಂಬಕ್ಕೆ ಸುತ್ತಿದಳು. ಅಜ್ಜ ಹಿಮ್ಮಡಿ ಊರಿ ಎಳೆದರು. ಒಂದು ಬೂಟು ಅಲ್ಲೇ ಉಳಿಯಿತು, ಅವನು ಹೊರಬಂದ.

ಹಳ್ಳ ಇನ್ನೂ ದಾಟಬೇಕಿತ್ತು. ಅಮೃತಪ್ಪ ದಂಡೆಯುದ್ದಕ್ಕೂ ಕೋಲು ಆಡಿಸುತ್ತ ನಡೆದು, ಜಲ್ಲಿ ತಾಗಿದಲ್ಲಿ ಇಳಿದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸುರುಳಿಯನ್ನು ಸೌಜನ್ಯಾ ತಲೆಯ ಮೇಲೆ ಹೊತ್ತಳು. ಎದೆಮಟ್ಟದ ತಣ್ಣೀರಿನಲ್ಲಿ ಮೂವರೂ ಒಂದೇ ಹಗ್ಗ ಹಿಡಿದು ಆಚೆ ಸೇರಿ, ಒಡ್ಡು ಹತ್ತಿ ಕುಸಿದು ಕೂತರು. ಸುರುಳಿಯ ಕಾಗದ ನೆನೆದಿರಲಿಲ್ಲ.

ಮರುದಿನ ಸಂಘದ ಕಚೇರಿಯಲ್ಲಿ ಮೇಜಿನುದ್ದಕ್ಕೂ ಸುರುಳಿ ಬಿಚ್ಚಿದರು. ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡ. ಪ್ರದರ್ಶನದ ಫಲಕದಲ್ಲಿ ಜಾಗ ಕಡಿಮೆಯಿದೆ, 'ಭಾರತೀಯರೂ ನೆರವಾದರು' ಎಂದು ಒಂದು ಸಾಲು ಹಾಕೋಣ ಎಂದ.

ಸೌಜನ್ಯಾ ಕನ್ನಡದಲ್ಲಿ ಹೇಳುತ್ತಲೇ ಅಮೃತಪ್ಪ ಎದ್ದು ನಿಂತರು.

"ನೆರವಲ್ಲ. ಬಂದೂಕು ಹಿಡದು ಮುಂದಿನ ಸಾಲಿನ್ಯಾಗ ನಿಂತು ಸತ್ತಾರ. ಒಂದೊಂದು ಹೆಸರೂ ಹಾಕಬೇಕು ಅಂತ ಹೇಳವ್ವಾ."

ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಅಜ್ಜನಿಗಿಂತ ಗಟ್ಟಿಯಾಗಿ. ಬಳಿಕ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದಳು. ಆರನೆಯ ಹೆಸರಿಗೆ ಕಾರ್ಯದರ್ಶಿ ಪೆನ್ನು ತೆಗೆದು ಬರೆದುಕೊಳ್ಳಲಾರಂಭಿಸಿದ. ಕೊನೆಯಲ್ಲಿ, ಹದಿನೇಳರಲ್ಲಿ ಹದಿನಾರೇ ಇವೆಯಲ್ಲ, ಖಾಲಿ ಜಾಗ ಬಿಡೋಣವೇ ಎಂದು ಕೇಳಿದ.

"ಬಿಡ್ರಿ. ಅಲ್ಲೊಬ್ಬಾಂವ ಅದಾನ," ಎಂದರು ಅಮೃತಪ್ಪ.

ಅಷ್ಟರಲ್ಲಿ ಜೌಗಿನಲ್ಲಿ ಗೋಡೆ ಬಿದ್ದಿತ್ತು. ನವೆಂಬರಿನಲ್ಲಿ ಪ್ರದರ್ಶನ ತೆರೆಯಿತು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹದಿನಾರು ಹೆಸರು, ಕೆಳಗೊಂದು ಖಾಲಿ ಸಾಲು. ಉದಯಶಂಕರ್ ಕುರ್ಚಿ ತಂದಿಟ್ಟ. ಅಮೃತಪ್ಪ ಕೂರಲಿಲ್ಲ. ಬಂದವರೆಲ್ಲ ಓದಿ ಮುಗಿಸುವವರೆಗೆ ನೆಟ್ಟಗೆ ನಿಂತೇ ಇದ್ದರು.