ರೇನ್‌ಕೋಟಿನ ಒಳಗಿಂದ ಕಂಡದ್ದು

ಇದರಲ್ಲಿ ಕಾನೂನಿನ ಮಾತು ಬರುತ್ತದೆ. ಕಾನೂನು ನನಗೆ ಅಷ್ಟಾಗಿ ಗೊತ್ತಿಲ್ಲ. ಹೇಳಹೊರಟದ್ದೇ ತಪ್ಪೇನೋ, ಕ್ಷಮಿಸಿ ಮಕ್ಕಳೇ. ಆದರೆ ತ್ರಾಮ್ ಆಗಲೇ ಬೈಕ್ ಹತ್ತಿಬಿಟ್ಟಿದ್ದಾಳೆ.

"ತಲೆ ಒಳಗೆ ಹಾಕ್ಕೊಳೇ! ಯೂನಿಫಾರ್ಮ್ ನೆನೆಸ್ಕೊಂಡ್ರೆ ನೋಡು!" ಅಮ್ಮ ಗದರಿದಳು.

ತ್ರಾಮ್ ಅಮ್ಮನ ರೇನ್‌ಕೋಟಿನ ಹಿಂಭಾಗ ಎತ್ತಿ ಒಳಗೆ ನುಸುಳಿದಳು. ಕಾನ್ ಥೋ ಪಟ್ಟಣದಲ್ಲಿ ಮಳೆ ಬಂದರೆ ಬೈಕಿನ ಹಿಂದೆ ಕೂತ ಮಕ್ಕಳಿಗೆ ಕಾಣುವುದು ಇಷ್ಟೇ. ಎದುರಿಗೆ ಅಮ್ಮನ ಬೆನ್ನು, ಕೆಳಗೆ ಓಡುವ ರಸ್ತೆ.

ಸೇತುವೆ ಇಳಿಯುವಾಗ ಆ ರಸ್ತೆಯಲ್ಲಿ ಕೆಂಪು ರಂಬುಟಾನ್ ಹಣ್ಣುಗಳು ಉರುಳಿ ಬಂದವು. ಆಮೇಲೆ ಮಗುಚಿದ ಬುಟ್ಟಿ, ಒಂದು ಹಸಿರು ಚಪ್ಪಲಿ. ಆಮೇಲೆ ಒಂದು ಕೈ.

ಸುಕ್ಕುಗಟ್ಟಿದ ಕೈ. ಅಂಗೈ ಮೇಲಾಗಿ ನೀರಿನಲ್ಲಿ ಬಿದ್ದಿತ್ತು. ಬೆರಳು ಅಲುಗಿದಂತಿತ್ತು.

ಬೈಕ್ ತುಸು ನಿಧಾನವಾಯಿತು. ಮತ್ತೆ ಜೋರಾಗಿ ಮುಂದೆ ಹೋಯಿತು.

ತ್ರಾಮ್ ಅಮ್ಮನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮ ನೋಡಿರಲಿಕ್ಕಿಲ್ಲ, ಹೆಲ್ಮೆಟ್ ಗಾಜಿನ ತುಂಬ ಮಳೆ ನೀರು, ಎಂದುಕೊಂಡಳು.

ಸ್ಕೂಲಿನಲ್ಲಿ ಅವಳಿಗೆ ಊಟ ಸೇರಲಿಲ್ಲ. ಪಕ್ಕದಲ್ಲಿ ಖೋಯ್ ಗಬಗಬನೆ ತಿನ್ನುತ್ತಿದ್ದ. ಅವನಪ್ಪ ಪೊಲೀಸ್.

"ಖೋಯ್, ರಸ್ತೇಲಿ ಯಾರೋ ಬಿದ್ದಿದ್ರೂ ನಿಲ್ಲಿಸದೆ ಹೋದ್ರೆ ಏನಾಗುತ್ತೆ?"

"ಜೈಲು!" ಎಂದ ಖೋಯ್ ಖುಷಿಯಿಂದ. "ಸಾಯೋ ಹಾಗಿರೋರನ್ನ ನೋಡಿಯೂ, ಸಹಾಯ ಮಾಡೋಕೆ ಆಗೋ ಹಾಗಿದ್ರೂ ಮಾಡದೆ ಹೋದ್ರೆ, ಅವರು ಸತ್ತೋದ್ರೆ ಕೇಸು. ನಮ್ಮಪ್ಪ ಹೇಳಿದಾರೆ."

"ಮಕ್ಕಳಿಗೂನಾ?"

"ಮಕ್ಕಳನ್ನ ಹಿಡ್ಕೊಂಡೋಗಿ ಏನ್ಮಾಡ್ತಾರೆ? ಹೋಮ್‌ವರ್ಕ್ ಮಾಡಿಸ್ತಾರಾ? ದೊಡ್ಡೋರನ್ನೇ ಹಿಡಿಯೋದು."

"ಅವರು ನೋಡೇ ಇಲ್ಲ ಅಂದ್ರೆ?"

"ನೋಡಿಲ್ಲ ಅಂದ್ರೆ ತಪ್ಪೇನು ಬಂತು? ಯಾಕೆ, ಯಾರಿಗಾದ್ರೂ ಗುದ್ದಿದೀಯಾ? ನಿಂಗೆ ಸೈಕಲ್ಲೇ ಬರಲ್ಲ!"

ತ್ರಾಮ್ ನಗಲಿಲ್ಲ. ಅಮ್ಮ ನೋಡಿಲ್ಲ ಎಂದರೆ ಅಮ್ಮನಿಗೆ ಏನೂ ಆಗುವುದಿಲ್ಲ. ತಾನು ಹೇಳಿಬಿಟ್ಟರೆ? ಆಗ ಅಮ್ಮನಿಗೂ ಗೊತ್ತಾಗಿಬಿಡುತ್ತದೆ. ಹೇಳದಿದ್ದರೆ? ಆ ಕೈ ಇನ್ನೂ ನೀರಿನಲ್ಲೇ ಇದ್ದರೆ?

ಸ್ಕೂಲ್ ಬಿಟ್ಟಾಗ ಗೇಟಿನ ಹತ್ತಿರ ಪೊಲೀಸರ ಹಸಿರು ಯೂನಿಫಾರ್ಮ್ ಕಂಡಿತು. ತ್ರಾಮ್ ಮರದ ಹಿಂದೆ ಅಡಗಿದಳು. ಖೋಯ್‌ನ ಅಪ್ಪ ಮಗನ ಬ್ಯಾಗ್ ತೆಗೆದುಕೊಂಡು ಹೊರಟುಹೋದರು, ಅಷ್ಟೇ.

ಮಳೆ ಇನ್ನೂ ನಿಂತಿರಲಿಲ್ಲ. ಮತ್ತೆ ಅದೇ ರೇನ್‌ಕೋಟು, ಅದೇ ಬೆನ್ನು. ಬೈಕ್ ಸೇತುವೆಯ ಹತ್ತಿರ ಬಂದಿತು. ತ್ರಾಮ್ ಅಮ್ಮನ ಬೆನ್ನಿಗೆ ಮುಖ ಒತ್ತಿದಳು.

"ಅಮ್ಮಾ, ಬೆಳಿಗ್ಗೆ ಇಲ್ಲಿ ಒಂದು ಕೈ ಇತ್ತು."

ಬೈಕ್ ಇನ್ನಷ್ಟು ದೂರ ಹೋಯಿತು. ಕೇಳಿಸಲಿಲ್ಲವೇನೋ ಎನ್ನುವಷ್ಟರಲ್ಲಿ ನಿಂತಿತು.

"ನೀನೂ ನೋಡಿದ್ಯಾ?" ಎಂದಳು ಅಮ್ಮ.

ನೀನೂ! ತ್ರಾಮ್ ಅಮ್ಮನ ಬೆನ್ನಿನಿಂದ ಮುಖ ತೆಗೆದಳು.

"ನೀನು ನೋಡಿಲ್ಲ ಅಂದ್ಕೊಂಡಿದ್ದೆ ಕಣೇ. ಕೆಲಸಕ್ಕೆ ತಡವಾದ್ರೆ ಮೀನಿನ ಫ್ಯಾಕ್ಟರಿ ಗೇಟ್ ಹಾಕಿಬಿಡ್ತಾರೆ ಅಂತ… ಅಷ್ಟೊಂದು ಜನ ಹೋಗ್ತಿದ್ರಲ್ಲ, ಯಾರಾದ್ರೂ ನಿಲ್ಲಿಸ್ತಾರೆ ಅಂತ…" ಅಮ್ಮ ಬೈಕಿನಿಂದ ಇಳಿದಳು.

ಸೇತುವೆಯ ಬುಡದಲ್ಲಿ ಶಾವಿಗೆ ಸಾರು ಮಾರುವ ಗಾಡಿ ಇತ್ತು. ಗಾಡಿಯಾಕೆ ತನ್ನ ಮನೆಯಲ್ಲಿ ಏಳನೆಯವಳು, ಹಾಗಾಗಿ ಇಡೀ ಬೀದಿಗೆ ಏಳನೇ ಚಿಕ್ಕಮ್ಮ.

"ಏಳನೇ ಚಿಕ್ಕಮ್ಮಾ, ಬೆಳಿಗ್ಗೆ ಇಲ್ಲಿ ಒಬ್ಬರು ಬಿದ್ದಿದ್ರಲ್ಲಾ…" ಎಂದಳು ಅಮ್ಮ.

"ಈಗ ಬಂದ್ಯಾ ಕೇಳೋಕೆ!" ಚಿಕ್ಕಮ್ಮ ಸೌಟು ಕುಟ್ಟಿದಳು. "ಬೆಳಿಗ್ಗೆ ಒಬ್ಬರದೂ ಬ್ರೇಕ್ ಹಿಡೀಲಿಲ್ಲ. ಸಂಜೆ ಎಲ್ಲರದೂ ಹಿಡಿಯುತ್ತೆ! ಹಣ್ಣು ಮಾರೋ ಮುದುಕಿ, ಪಾಪ. ನಾನು ಮಾಡ್ತಿದ್ದ ಕೆಲಸ ಬಿಟ್ಟು ಓಡಿದೆ. ಬಾಡಿಗೆ ಬೈಕಿನವನೊಬ್ಬ ಆಸ್ಪತ್ರೆಗೆ ಅಂತ ಕೂರಿಸ್ಕೊಂಡು ಹೋದ."

"ಉಸಿರಿತ್ತಾ?" ಎಂದಳು ತ್ರಾಮ್.

"ಇತ್ತು ಕಂದ. ಚಪ್ಪಲಿ ಎಲ್ಲಿ ಅಂತ ಕೇಳ್ತಿತ್ತು."

"ಯಾವ ಆಸ್ಪತ್ರೆಗೆ ಹೋದ್ರು?" ಅಮ್ಮ ಕೇಳಿದಳು.

"ಕೇಳಲಿಲ್ಲವಲ್ಲೇ. ಸಾರು ಉಕ್ಕಿ ಒಲೆ ಆರಿಹೋಗಿತ್ತು, ಆ ಗಡಿಬಿಡೀಲಿ…" ಏಳನೇ ಚಿಕ್ಕಮ್ಮನ ಜೋರು ದನಿಯೂ ಇಳಿಯಿತು.

ಗಾಡಿಯ ಕೊಕ್ಕೆಗೆ ಹಸಿರು ಚಪ್ಪಲಿ ನೇತುಹಾಕಿತ್ತು. ಅಮ್ಮ ಅದನ್ನು ನೋಡುತ್ತ ನಿಂತಳು. ಆಮೇಲೆ ಕೊಕ್ಕೆಯಿಂದ ತೆಗೆದು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದಳು. ಬೈಕನ್ನು ಮನೆಯ ಕಡೆಗಲ್ಲ, ಹತ್ತಿರದ ಆಸ್ಪತ್ರೆಯ ಕಡೆಗೆ ತಿರುಗಿಸಿದಳು.

ತ್ರಾಮ್ ಹಿಂದೆ ಕೂತಳು. ಈ ಸಲ ರೇನ್‌ಕೋಟಿನೊಳಗೆ ನುಸುಳಲಿಲ್ಲ. ಮಳೆ ಮುಖಕ್ಕೆ ರಪರಪ ಬಡಿಯಿತು. ಕಣ್ಣು ಕಿರಿದಾಗಿಸಿ ರಸ್ತೆಯ ಆ ಬದಿ, ಈ ಬದಿ ನೋಡುತ್ತ ಹೋದಳು.

ತಲೆ ಒಳಗೆ ಹಾಕ್ಕೋ ಎಂದು ಅಮ್ಮ ಹೇಳಲಿಲ್ಲ.

ಆ ಅಜ್ಜಿ ಅವರಿಗೆ ಸಿಕ್ಕಳೇ, ಬದುಕಿದಳೇ? ಅದು ನನಗೆ ಗೊತ್ತಿಲ್ಲ.